ಪಿನ್ನಿಯ ಪುಸ್ತಕದ ಪರಿವಿಡಿ

ಚಳ್ಳಕೆರೆಯ ನನ್ನ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿ ಕೈ ಪಳಗಿದವಳು ನಾನು. ಮೊಳಕಾಲ್ಮೂರಿನ ಚಿಕ್ಕಮ್ಮ, ಮನೆಯಲ್ಲಿ ಪಿನ್ನಿ ಅಂತೀವಿ, ತನ್ನ ಮಗ್ಗದ ಬದುಕು ಬರೆದುಕೊಟ್ಟು "ಫೋನಿನಾಗೆ ಓದೋ ಪುಸ್ತಕ ಮಾಡೇ" ಅಂದಾಗ, ಅದೇನು ಮಹಾ ಅಂದುಕೊಂಡೆ. ಅವಳಿಗೆ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಚಿತ್ರದುರ್ಗದಲ್ಲಿ ಆಪರೇಷನ್ ಗೊತ್ತಾಗಿತ್ತು. ಡಾಕ್ಟರು ಭರವಸೆ ಕೊಟ್ಟಿರಲಿಲ್ಲ.

ಚಿಕ್ಕಪ್ಪ ತೀರಿಕೊಂಡದ್ದನ್ನು ಬರೆದ ಅಧ್ಯಾಯವನ್ನಾದರೂ ತಾನೇ ಓದಬೇಕು ಅಂತ ಅವಳ ಹಟ. "ಅಳ್ತಾ ಬರ್ದೀನಿ, ಏನ್ ಬರ್ದೀನೋ ನಂಗೇ ಗೊತ್ತಿಲ್ಲ. ನಾ ನೋಡ್ದೆ ಯಾರಿಗೂ ಕೊಡಬ್ಯಾಡ."

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಹೋಗಿ, ಪುಸ್ತಕ ಹಾಕಿದ ಫೋನು ಕೈಗಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಅವಳು ದುರ್ಗಕ್ಕೆ ಹೊರಡಬೇಕು. ಪಿನ್ನಿ ಅಕ್ಷರಗಳನ್ನು ಹೆಬ್ಬೆಟ್ಟಿನಷ್ಟು ದಪ್ಪ ಮಾಡಿಕೊಂಡಳು. ಪರಿವಿಡಿಯಲ್ಲಿ ನಾನು ಅಂಗಡಿಯ ಚಾಳಿಯಂತೆ ಸಾಲುದ್ದಕ್ಕೂ ಚುಕ್ಕಿ ಇಟ್ಟು, ಕೊನೆಗೆ ಪುಟದ ಸಂಖ್ಯೆ ಹೊಡೆದಿದ್ದೆ. ಅಕ್ಷರ ದಪ್ಪವಾಗಿ ಪುಟಗಳೆಲ್ಲ ಆಚೀಚೆ ಸರಿದ ಮೇಲೆ ಆ ಸಂಖ್ಯೆಗಳು ಯಾವ ಕರ್ಮಕ್ಕೆ? 'ಅವರು ಹೋದ ದಿನ' ಅನ್ನುವ ಸಾಲನ್ನು ಅವಳು ಒತ್ತಿದಳು. ಮತ್ತೆ ಒತ್ತಿದಳು. ಅಧ್ಯಾಯ ತೆರೆಯಲಿಲ್ಲ; ಅಷ್ಟು ದಪ್ಪ ಅಕ್ಷರದಲ್ಲಿ ಒಂದೊಂದೇ ಪುಟ ಸರಿಸುತ್ತಾ ಹೋದರೆ ಬಸ್ಸು ತಪ್ಪುತ್ತಿತ್ತು.

"ಏಮೇ, ಗೋಡೆ ಮ್ಯಾಲೆ ಬಾಗಿಲು ಬರ್ದಂಗೈತಲ್ಲೇ ಇದು!"

ನನ್ನ ತಪ್ಪು ಆಗ ಹೊಳೆಯಿತು. ಅಧ್ಯಾಯಗಳ ಹೆಸರನ್ನು ದಪ್ಪ ಮಾಡಿದ್ದೆನೇ ಹೊರತು ಇದು ತಲೆಬರಹ ಅಂತ ಕಂಪ್ಯೂಟರಿಗೆ ಗುರುತು ಕೊಟ್ಟಿರಲಿಲ್ಲ. ಗುರುತಿಲ್ಲದೆ ಫೋನು ಎಲ್ಲಿಗೆ ಹೋಗಬೇಕು, ಪಾಪ! ಮಗ್ಗದ ಪಕ್ಕದಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಹಾಳಾದ ಕರೆಂಟು ಅದೇ ಹೊತ್ತಿಗೆ ಹೋಗಬೇಕೆ? ಚಾರ್ಜು ಮುಗಿಯುತ್ತಾ ಬಂದಿತ್ತು. ಅವಸರಕ್ಕೆ ತಪ್ಪು ಸಾಲಿಗೇ ಗುರುತು ಬೀಳುತ್ತಿತ್ತು. ಇವಳ ಕಣ್ಣು ನಾಳೆ ಮುಚ್ಚಿಯೇ ಹೋದರೆ ಅನ್ನುವ ಭಯ ಬೇರೆ. ಪಿನ್ನಿ ಬ್ಯಾಗು ಹಿಡಿದು ಹೊಸ್ತಿಲಲ್ಲೇ ಕೂತಿದ್ದಳು.

ಸಂಖ್ಯೆಗಳನ್ನೆಲ್ಲ ಕಿತ್ತೆಸೆದು, ಹೊಸದಾಗಿ ಪುಸ್ತಕ ಮಾಡಿ ಫೋನಿಗೆ ಹಾಕಿದೆ. ಈ ಸಲ ಒತ್ತಿದ ತಕ್ಷಣ ಅಧ್ಯಾಯ ತೆರೆಯಿತು. ಪಿನ್ನಿ ಫೋನನ್ನು ಮೂಗಿಗೆ ಹಚ್ಚಿಕೊಂಡು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಸರಿಯಾಗೈತೆ. ಇದೊಂದನ್ನ ಪರಿವಿಡಿಯಿಂದ ತೆಗಿ."

ಸಿಟ್ಟು ನೆತ್ತಿಗೇರಿತು. "ಇಷ್ಟೊತ್ತು ಇದಕ್ಕೇ ಅಲ್ವಾ ನಾನು ಒದ್ದಾಡಿದ್ದು!"

"ಪುಸ್ತಕದಾಗೆ ಇರ್ಲಿ ಕಣೇ. ಅವರು ಸತ್ತಿದ್ದಕ್ಕೆ ಮಾತ್ರ ಯಾರೂ ಸೀದಾ ಬರಬಾರ್ದು. ಮೊದ್ಲಿಂದ ಓದ್ತಾ, ನನ್ನಂಗೆ ಒಂದೀಟು ದಿನ ಅವರ ಜೊತೆ ಬಾಳಿ ಬರ್ಲಿ."