ಅಳಿಯನನ್ನು ಎಳೆದುಕೊಂಡು ಹೋದ ಗಾಡಿ

ಸೇಡು ಒಳ್ಳೆಯದಲ್ಲ ಅನ್ನುತ್ತಾರೆ. ಅನ್ನಲಿ. ಎಂಬತ್ತರ ದಶಕದ ಆ ಒಂದು ಮಧ್ಯಾಹ್ನ ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ.

ಇಳಕಲ್ಲಿನ ಹೊರಗೆ ಕೆಂಪು ಕಲ್ಲಿನ ಕ್ವಾರಿ. ಅಲ್ಲಿಂದ ಕಲ್ಲು ಸಾಗಿಸಲು ನಾನು ಮತ್ತು ನನ್ನ ಹಳೆಯ ಗೆಳೆಯ ಮಿಲಿಟರಿ ಹರಾಜಿನಲ್ಲಿ ಒಂದೊಂದು ಲಾರಿ ಹಿಡಿದಿದ್ದೆವು. ಬೇಕೆಂದಾಗ ಮುಂದಿನ ಗಾಲಿಗೂ ಎಂಜಿನ್ನಿನ ಎಳೆತ ಕೊಡಬಹುದಾದ ಗಾಡಿಗಳು. ದಾರಿಯ ಬಂಡೆ ಗಾಡಿಯ ಹೊಟ್ಟೆಗೆ ಬಡಿಯುತ್ತದೆಂದು ಇಬ್ಬರೂ ಸ್ಪ್ರಿಂಗಿಗೆ ಹೆಚ್ಚಿನ ಪಾಟಾ, ಅಂದರೆ ಉಕ್ಕಿನ ಪಟ್ಟಿ, ಸೇರಿಸಿ ಗಾಡಿ ಎತ್ತರಿಸಿ ದೊಡ್ಡ ಟೈರು ಹಾಕಿಸಿದೆವು. ಹಾಕಿಸಿದ್ದೇ ತಡ, ಗಾಡಿಗಳ ಕಸುವೇ ಹೋಯಿತು. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅಷ್ಟೂ ಭಾರ ಎಂಜಿನ್ನಿನ ಮೇಲೆ. ಏರಿನಲ್ಲಿ ಬರೀ ಕ್ಲಚ್ಚು ಸುಟ್ಟ ವಾಸನೆ.

ಎಕ್ಸೆಲ್ಲಿನೊಳಗೆ ಗಾಲಿ ತಿರುಗಿಸುವ ಹಲ್ಲುಚಕ್ರದ ಜೋಡಿ, ಕ್ರೌನ್-ಪಿನಿಯನ್, ಬದಲಿಸಿ ಎಂದರು ಹುನಗುಂದದ ಗ್ಯಾರೇಜಿನ ಉಸ್ತಾದರು. ಗಾಲಿ ಒಂದು ಸುತ್ತು ತಿರುಗಲು ಸಣ್ಣ ಚಕ್ರವಾದ ಪಿನಿಯನ್ ಹೆಚ್ಚು ಸುತ್ತಿದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಅವರ ಹತ್ತಿರ ಎರಡು ಬಗೆ ಇದ್ದವು, ನಿಧಾನದ್ದು ಮತ್ತು ನಡುವಿನದು. ಯಾವುದನ್ನೇ ಆರಿಸಿದರೂ ಹಿಂದೆ ಮುಂದೆ ಎರಡೂ ಎಕ್ಸೆಲ್ಲಿಗೆ ಅದೇ ಇರಬೇಕು ಎಂದು ಇಬ್ಬರಿಗೂ ಹೇಳಿದರು.

“ಒಂದ ನೊಗದಾಗಿನ ಎತ್ತು ಇದ್ದಾಂಗ್ರಿ. ಹೆಜ್ಜಿ ಕೂಡಲಿಲ್ಲಂದ್ರ ನೊಗಾನ ಮುರೀತೈತಿ.”

ನಾನು ನಿಧಾನದ್ದನ್ನೇ ಆರಿಸಿ ಎರಡಕ್ಕೂ ಹಾಕಿಸಿದೆ. ಅವನು ಆರಿಸಿದ್ದು ನಡುವಿನದು, ಅದೂ ಹಿಂದಿನದಕ್ಕೆ ಮಾತ್ರ. ಮುಂದಿನ ಎಳೆತ ಬೇಕಾಗುವುದೇ ಅಪರೂಪ, ಅದಕ್ಕೆ ಯಾಕೆ ದಂಡ ಎಂದ.

ನನ್ನ ಗಾಡಿ ಏರು ಹತ್ತಿತು, ಸಪಾಟು ರಸ್ತೆಯಲ್ಲಿ ಮಾತ್ರ ಒರಲುತ್ತಾ ತೆವಳುತ್ತಿತ್ತು. ಅವನು ಹಾರ್ನ್ ಹೊಡೆಯುತ್ತಾ ದಾಟಿ ಹೋಗುತ್ತಿದ್ದ. ಹೋಗಲಿ, ಅದನ್ನೂ ನುಂಗಿಕೊಂಡೆ. ಆದರೆ ಒಂದು ದಿನ ಕ್ವಾರಿ ಧಣಿಯ ಎದುರು, ಕಲ್ಲು ಒಡೆಯುವವರೆಲ್ಲ ಕೇಳುವಂತೆ ಅಂದ: “ಇವನ ಗಾಡಿ ಬಿಟ್ಟು ಎತ್ತಿನ ಬಂಡಿ ಹೂಡ್ರಿ ಧಣ್ಯಾರ, ಲಗೂ ಮುಟ್ಟತೈತಿ.”

ಧಣಿ ನಕ್ಕರು. ಮರುದಿನದಿಂದ ನನ್ನ ಟ್ರಿಪ್ಪುಗಳೆಲ್ಲ ಅವನ ಪಾಲಾದವು. ಒಂದೇ ತಾಟಿನಲ್ಲಿ ಉಂಡವನು ನನ್ನ ಅನ್ನಕ್ಕೆ ಮಣ್ಣು ಹಾಕಿದ್ದ. ಗಾಡಿ ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತಿತು, ನಾನು ಹಲ್ಲು ಕಚ್ಚಿಕೊಂಡು ಮಳೆಗೆ ಕಾದೆ. ಬರಲಿ ಮಗನೇ, ಏರು ಜಾರಲಿ ಎಂದುಕೊಂಡೆ.

ಮಳೆ ಬಂತು. ಏರು ಜಾರತೊಡಗಿದಾಗ ಅವನು ಮುಂದಿನ ಗಾಲಿಗೂ ಎಳೆತ ಕೊಟ್ಟ. ಕೆಸರಿದ್ದಷ್ಟು ದೂರ ಗಾಲಿಗಳು ಜಾರುತ್ತಾ ಹೇಗೋ ಹೊಂದಿಕೊಂಡವಂತೆ. ಬಂಡೆಯ ಮೇಲೆ ಟೈರು ಕಚ್ಚಿ ಹಿಡಿದದ್ದೇ, ಮುಂದಿನ ಲೆಕ್ಕ ಬೇರೆ, ಹಿಂದಿನ ಲೆಕ್ಕ ಬೇರೆಯಾಗಿ ಒಂದನ್ನೊಂದು ಜಗ್ಗಾಡಿ, ಎರಡೂ ಎಕ್ಸೆಲ್ಲಿಗೆ ಎಳೆತ ಹಂಚುವ ನಡುವಿನ ಗೇರ್ ಪೆಟ್ಟಿಗೆಯೇ ಒಡೆಯಿತು. ಕ್ವಾರಿಯ ದಾರಿ ಬಂದ್. ಅವನನ್ನು ಜಗ್ಗಿ ಮೇಲೆ ತರಬಲ್ಲ ಗಾಡಿ ಇದ್ದದ್ದು ಒಂದೇ. ಧಣಿ ನನ್ನ ಮನೆಗೆ ಆಳು ಕಳಿಸಿದರು. ಮಾಡಿದ್ದುಣ್ಣೋ ಮಹರಾಯ!

ಸರಪಳಿ ಹಾಕಿ ಏರು ಹತ್ತಿಸಿದೆ. ಇನ್ನು ಹುನಗುಂದದ ಗ್ಯಾರೇಜಿಗೆ ಒಯ್ಯಬೇಕು. ಊರ ಹೊರಗಿಂದ ದಾರಿ ಇತ್ತು, ಆದರೆ ನಾನು ಇಳಕಲ್ಲಿನೊಳಗೆ ತಿರುಗಿಸಿದೆ, ಸೀದಾ ಅವನ ಹೆಂಡತಿಯ ತವರಿನ ಓಣಿಗೆ. ಮೊದಲನೇ ಗೇರು. ಮಗ್ಗ ನಿಲ್ಲಿಸಿ ಮಂದಿ ಹೊರಗೆ ಬಂದರು. ಹಿಂದಿನ ಗಾಡಿಯ ಸ್ಟೇರಿಂಗ್ ಹಿಡಿದಿದ್ದ ಅವನು, ಮರ್ಯಾದಿ ಕಳೀಬ್ಯಾಡಲೇ, ಸ್ವಲ್ಪ ಜೋರ ಹೊಡಿ ಎಂದು ಗೋಗರೆದ.

“ಎತ್ತಿನ ಬಂಡಿ ಇದು. ಇಷ್ಟ ಹೋಗತೈತಿ” ಎಂದೆ.

ಅಳಿಯ ಬಾಗಿಲ ಮುಂದೆ ಬಂದರೆ ಚಹಾ ಇಲ್ಲದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅವನ ಮಾವ ಅಡ್ಡ ಬಂದು ಇಬ್ಬರನ್ನೂ ಒಳಗೆ ಕರೆದರು. ಅವನ ಬಸಿಯಲ್ಲಿ ಚಹಾ ಆರುತ್ತಿತ್ತು, ನಾನು ಇನ್ನೊಂದು ಕಪ್ಪು ಕೇಳಿ ಕುಡಿದೆ. ಗಾಡಿಗೆ ಏನಾಯಿತೆಂದು ಮಾವ ನನ್ನನ್ನೇ ಕೇಳಿದರು. ಹೇಳಬೇಡ ಎನ್ನುವಂತೆ ಅವನು ನನ್ನ ಮುಖ ನೋಡಿದ. ಧಣಿಯ ಎದುರು ನಾನೂ ಅವನ ಮುಖವನ್ನು ಹೀಗೇ ನೋಡಿದ್ದೆ.

“ಅದು ಇನ್ನ ಏಳಾಂಗಿಲ್ರಿ. ನಾಳಿಂದ ಟ್ರಿಪ್ಪೆಲ್ಲಾ ನಾ ಹೊಡೀತೇನಿ. ನಿಮ್ಮ ಅಳಿಯಾರು ಖಾಲಿನ ಅದಾರ, ಇಲ್ಲೇ ಇಟ್ಕೊಂಡು ಎರಡ ಹೊತ್ತು ರೊಟ್ಟಿ ಹಾಕ್ರಿ.”

ಯಾರೂ ನಗಲಿಲ್ಲ. ಅವನ ಅತ್ತೆ ಸೆರಗು ಎಳೆದುಕೊಂಡು ಒಳಗೆ ಹೋದರು. ನಾನು ಕಪ್ಪು ಕೆಳಗಿಟ್ಟು ಎದ್ದೆ. ಹುನಗುಂದ ಮುಟ್ಟುವವರೆಗೂ ಎರಡನೇ ಗೇರು ಹಾಕಲಿಲ್ಲ.