ಕೌದಿಯ ಮೂಲೆಯ ಚಾವಿ

ಹೋದ ವಾರ ಹಳೆಯ ಕೌದಿ ಒಗೆಯಲು ತೆಗೆದಾಗ ಮೂಲೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಹೊಲಿಗೆ ಬಿಚ್ಚಿದರೆ ಪಿತ್ತಳೆಯ ಚಾವಿ. ಮೂಗಿಗೆ ಹಿಡಿದೆ, ಅದೇ ಕಮಟು ವಾಸನೆ... ಇಷ್ಟು ವರ್ಷ ನನ್ನನ್ನು ಸತಾಯಿಸಿದ ಚಾವಿ ನನ್ನ ಹೊದಿಕೆಯಲ್ಲೇ ಮಲಗಿತ್ತು! ಆ ಕೌದಿ ಹೊಲಿದುಕೊಟ್ಟವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ.

ಅಫಜಲಪುರದ ಹತ್ತಿರ ನಮ್ಮ ನಿಂಬೆ ತೋಟ. ಎಂಬತ್ತರ ದಶಕದಲ್ಲಿ ನನ್ನ ಗಂಡ, ಮೈದುನ ಬೇರೆಯಾದರು. ಹೊಲ, ಎತ್ತು, ಪಾತ್ರೆ ಎಲ್ಲ ಪಾಲಾದವು. ತೋಟ ಮತ್ತು ಹಳೆಯ ಪಿಕಪ್ ಗಾಡಿ ಮಾತ್ರ ಇಬ್ಬರಿಗೂ ಸೇರಿದ್ದಾಗಿ ಉಳಿದವು. ಆ ಗಾಡಿಯ ಬಾಗಿಲಿಗೊಂದು ಚಾವಿ, ಚಾಲೂ ಮಾಡಲು ಇನ್ನೊಂದು. ನಮ್ಮ ಪಂಚರು ಬಲು ಜಾಣರು! ಬಾಗಿಲಿನದನ್ನು ಅಣ್ಣನಿಗೂ ಇನ್ನೊಂದನ್ನು ತಮ್ಮನಿಗೂ ಕೊಟ್ಟು, “ಇನ್ನ ಇಬ್ರೂ ಕೂಡೇ ಹೋಗ್ರಿ” ಎಂದು ಚಹಾ ಕುಡಿದು ಎದ್ದರು.

ಇಬ್ಬರೂ ಹೋಗಲಿಲ್ಲ, ಗಾಡಿಯೂ ಹೋಗಲಿಲ್ಲ. ನನ್ನ ಗಂಡ ಸಂಜೆ ಬಾಗಿಲು ತೆಗೆದು ಒಳಗೆ ಕೂತು ಪೇಪರ್ ಓದುತ್ತಿದ್ದರು, ತಮ್ಮ ನೋಡಿ ಉರಿದುಕೊಳ್ಳಲಿ ಎಂದು. ಬಾಡಿಗೆ ಗಾಡಿ ತರಿಸಲು ಇಬ್ಬರಿಗೂ ಮರ್ಯಾದೆ ಅಡ್ಡ. ಮೂರು ತಿಂಗಳು ನಿಂಬೆಕಾಯಿ ಅಂಗಳದಲ್ಲೇ ಕೊಳೆತವು. ಕೊನೆಗೆ ತೋಟವನ್ನೇ ಮಾರಿಬಿಡುವ ಮಾತು ಬಂತು. ಕೊಡದಲ್ಲಿ ನೀರು ಹೊತ್ತು ಆ ಗಿಡ ಬೆಳೆಸಿದವರು ನಾವಿಬ್ಬರು ಹೆಂಗಸರು.

ನೆಗೆಣ್ಣಿಯ ತವರು ಆಳಂದ. ಅವಳ ಅಪ್ಪನದು ಕೀಲಿ, ಕಂದೀಲು ದುರಸ್ತಿ ಮಾಡುವ ಪುಟ್ಟ ಅಂಗಡಿ, ಅವಳೂ ಅಲ್ಲೇ ಕೆಲಸ ಕಲಿತವಳು. ಆ ಅಂಗಡಿಯ ಬಗ್ಗೆ ನಮ್ಮ ಮನೆಯಲ್ಲಿ ಹಗುರವಾಗಿ ಮಾತಾಡುತ್ತಿದ್ದರು, ನಾನೂ ಆಡಿದ್ದೇನೆ. ಪಂಚಮಿಗೆ ತವರಿಗೆ ಹೊರಟವಳು ನನ್ನ ಕಿವಿಯಲ್ಲಿ, “ಅಕ್ಕಾರ, ಭಾವಾರ ಕಿಸೆದಾಗಿನ ಚಾವಿ ಒಂದು ತಾಸು ಕೊಡ್ರಿ” ಎಂದಳು. ಕದ್ದು ಕೊಟ್ಟೆ, ಕೆಲಸ ಮುಗಿದ ಮೇಲೆ ತಿರುಗಿ ಕಿಸೆಗೆ ಸೇರಿಸಿದೆ. ಗಂಡಸರು ತೋಟದಲ್ಲಿದ್ದಾಗ ಗಾಡಿಯ ಬಾಗಿಲ ಒಳಗಿನ ತಗಡು ಬಿಚ್ಚಿ ಕೀಲಿಯನ್ನೇ, ಅಂದರೆ ಇಡೀ ಬೀಗವನ್ನೇ, ಹೊರತೆಗೆದಳು. ಅದನ್ನೂ, ಗೂಟಕ್ಕೆ ತೂಗುಹಾಕಿದ್ದ ತನ್ನ ಗಂಡನ ಚಾವಿಯನ್ನೂ ಸೆರಗಿಗೆ ಕಟ್ಟಿಕೊಂಡು ಬಸ್ ಹತ್ತಿದಳು.

ಬಾಗಿಲಲ್ಲಿ ಇಷ್ಟಗಲ ತೂತು! ನಾನು ಮನೆಯ ಕೌದಿಗಳನ್ನೆಲ್ಲ ಒಗೆದು ಗಾಡಿಯ ಮೇಲೆ ಒಣಹಾಕಿದೆ. ನಾಲ್ಕು ದಿನ ಯಾರನ್ನೂ ಹತ್ತಿರ ಬಿಡಲಿಲ್ಲ. ಪೇಪರ್ ಓದುವವರು ಕಟ್ಟೆಯ ಮೇಲೆ ಕೂತು ಓದಿಕೊಂಡರು.

ಅಲ್ಲಿ ಅವಳು ಬಾಗಿಲಿನ ಕೀಲಿಗೆ ಗಂಡನ ಚಾವಿ ತೂರಿಸಿ, ಹೊರಗೆ ಚಾಚಿಕೊಂಡ ಪಿತ್ತಳೆಯ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ತಿಕ್ಕಿ ಸಮ ಮಾಡಿದಳಂತೆ, ಗಾಡಿ ಚಾಲೂ ಮಾಡುವ ಚಾವಿಯೇ ಬಾಗಿಲಿಗೂ ತಿರುಗುವಂತೆ. ಅದೇ ಚಾವಿಯಂತೆ ಇನ್ನೆರಡು ಕೊರೆದಳಂತೆ. ಒಟ್ಟು ಮೂರು. ಬಂದವಳೇ ಸದ್ದಿಲ್ಲದೆ ಕೀಲಿ ಕೂರಿಸಿ ಬಾಗಿಲು ಹಾಕಿದಳು.

ಮರುದಿನ ಮುಂಜಾನೆ ನನ್ನ ಗಂಡನ ಚಾವಿ ತಿರುಗಲಿಲ್ಲ. “ಏನ್ ಮಾಡೀಯಲೇ ಕೀಲಿಗೆ?” ಎಂದು ತಮ್ಮನ ಮೇಲೆ ಕೂಗಾಡಿದರು. ಅವನೂ ತೋಳೇರಿಸಿಕೊಂಡು ಬಂದ. ಆಗ ನೆಗೆಣ್ಣಿ ಸೆರಗು ಹೊದ್ದು ಅಂಗಳಕ್ಕಿಳಿದಳು. ಸೊಸೆಯಾಗಿ ಬಂದ ಎಂಟು ವರ್ಷದಲ್ಲಿ ಅವಳು ಭಾವನೆದುರು ತುಟಿ ಬಿಚ್ಚಿದವಳಲ್ಲ, ನಮ್ಮ ಮನೆಯ ರೂಢಿ ಹಾಗಿತ್ತು.

“ಭಾವಾರ, ಇದನ್ನ ಹಾಕ್ರಿ.”

ಬಾಗಿಲು ತೆರೆಯಿತು.

“ಅದನ್ನೇ ಒಳಗ ತಿರುವ್ರಿ.”

ಕೆಂಪು ದೀಪ ಹತ್ತಿತು, ಎಂಜಿನ್ ಮಾತ್ರ ಏಳಲಿಲ್ಲ. ಮೂರು ತಿಂಗಳು ನಿಂತ ಬ್ಯಾಟರಿ ಅದು. ನೆಗೆಣ್ಣಿ ಗಂಡನ ಕೈಗೂ ಅಂಥದೇ ಚಾವಿ ಇಟ್ಟಳು.

“ಹಿರ್ಯಾರ ಮಾತು ನಾ ಮುರದಿಲ್ಲ. ಇಬ್ರ ಕೈಯಾಗೂ ಚಾವಿ ಅದ. ಈಗ ನೂಕ್ರಿ!”

ಮೈದುನ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಕೊಳೆತ ಬುಟ್ಟಿಗಳನ್ನು ನೋಡಿದ. ಹಿಂದೆ ಹೋಗಿ ಹೆಗಲು ಕೊಟ್ಟ. ನಾವೂ ಸೀರೆ ಕಚ್ಚೆ ಬಿಗಿದು ನೂಕಿದೆವು. ಬೇವಿನ ಗಿಡದ ಹತ್ತಿರ ಎಂಜಿನ್ ಗುಡುಗಿತು! ನಮ್ಮಿಬ್ಬರ ಕೂಗಿಗೆ ಓಣಿಯವರೆಲ್ಲ ಹೊರಬಂದರು. ಚೆನ್ನಾಗಿದ್ದ ನಿಂಬೆಕಾಯಿ ಹೇರಿಕೊಂಡು ಅಣ್ಣ ತಮ್ಮ ಒಂದೇ ಸೀಟಿನಲ್ಲಿ ಗುಲ್ಬರ್ಗಾಕ್ಕೆ ಹೋದರು. ತೋಟ ಮಾರುವ ಮಾತು ಮತ್ತೆ ಬರಲಿಲ್ಲ. ಗೆದ್ದೆವು, ನಾವೇ ಗೆದ್ದೆವು.

“ಮೂರನೇ ಚಾವಿ ಎಲ್ಲಿ ಬೇ?” ಎಂದು ನಾನು ಕೇಳಿದಾಗಲೆಲ್ಲ, “ಸಿಗ್ತದ ತಗೋರಿ ಅಕ್ಕಾರ” ಎಂದು ನಗುತ್ತಿದ್ದಳು. ಕಡೆಯವರೆಗೂ ಹೇಳಲಿಲ್ಲ...

ಗಾಡಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅವಳು ಹೋಗಿ ಎರಡು ವರ್ಷ. ಅವಳಿಲ್ಲದ ಅಂಗಳಕ್ಕೆ ನಾನಿನ್ನೂ ಹೊಂದಿಕೊಂಡಿಲ್ಲ. ಇವತ್ತು ಮುಂಜಾನೆ ತಮ್ಮನ ಜೊತೆ ತೋಟಕ್ಕೆ ಹೊರಟ ನನ್ನ ಗಂಡ ನನ್ನ ಕೈ ನೋಡಿ, “ಅದ್ಯಾವುದರ ಚಾವಿ ಬೇ?” ಎಂದರು.

“ತ್ವಾಟದ್ದು” ಎಂದೆ.

“ತ್ವಾಟಕ್ಕ ಕೀಲಿ ಎಲ್ಲದ?” ಎಂದು ನಕ್ಕು ಇಬ್ಬರೂ ಹೋದರು. ನಾನು ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.