ದಾರ ಸುತ್ತಿಟ್ಟ ‘ಬಲಿ’

ಬಂದೇನವಾಜನ ಕೈಚಳಕ ಬಿಜಾಪುರದ ಅಚ್ಚುಮನೆಗಳಲ್ಲೆಲ್ಲ ಹೆಸರಾಗಿತ್ತು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುವ ಕೆಲಸ ಅವನದು. ಮಾತಾಡುತ್ತಲೂ ಜೋಡಿಸುತ್ತಿದ್ದ, ಬೈಯುತ್ತಲೂ ಜೋಡಿಸುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನಿಗೆ ಒಂದು ಮಾತು ಖಾತ್ರಿಯಾಗಿತ್ತು: ‘ಬಲಿ’ ಎಂಬ ಪದವಿಲ್ಲದೆ ಪತ್ರಿಕೆ ಹೊರಬೀಳುವುದಿಲ್ಲ. ಬಸ್ಸು ಉರುಳಿದರೆ ಮೂವರು ಬಲಿ, ಕಾಲರಾಕ್ಕೆ ಐವರು ಬಲಿ, ಕ್ರಿಕೆಟ್ಟಿನಲ್ಲಿ ಸ್ಪಿನ್ನಿಗೆ ಆರು ಬಲಿ. ಔಟಾದ ಪುಣ್ಯಾತ್ಮರು ಒಳಗೆ ಕೂತು ಚಹಾ ಕುಡಿಯುತ್ತಿದ್ದರೂ ಪತ್ರಿಕೆ ಮಾತ್ರ ಅವರನ್ನು ಕೊಂದೇ ಬಿಡುತ್ತಿತ್ತು. ದಿನಾ ಯಾರು ಕಟ್ಟಿ ಬಿಚ್ಚುತ್ತ ಕೂಡುತ್ತಾರೆಂದು ಅವನು ದಪ್ಪಕ್ಷರದ ‘ಬಲಿ’ಯನ್ನು ಜೋಡಿಸಿ, ದಾರ ಸುತ್ತಿ, ಕಿಟಕಿಯಲ್ಲಿ ಸಿದ್ಧವಾಗಿಟ್ಟಿದ್ದ. ಅವನು ದುಡಿಯುತ್ತಿದ್ದ ಪ್ರೆಸ್ಸಿನಲ್ಲಿ ದೊಡ್ಡಕ್ಷರದ ಬರ, ಅಂಥದ್ದು ಅದೊಂದೇ ಇತ್ತು.

೧೯೭೬ರ ಒಂದು ಸೋಮವಾರ ಮಧ್ಯಾಹ್ನ ಎರಡು ಸುದ್ದಿಗಳು ಒಟ್ಟಿಗೇ ಅದನ್ನು ಬೇಡಿದವು. ಒಂದು, ಟೆಸ್ಟ್ ಪಂದ್ಯ. ಇನ್ನೊಂದು, ತಿಕೋಟಾ ರಸ್ತೆಯಲ್ಲಿ ಲಾರಿ ಬಡಿದು ಸತ್ತ, ಗುರುತು ಸಿಗದ ಹೆಂಗಸು. ಸಂಪಾದಕ ಶಿವಾನಂದ ಎರಡೂ ಹಾಳೆ ಹಿಡಿದು ನಿಂತ.

“ಯಾವುದಕ್ಕ ಹಾಕೂಣು?”

“ಆಟಕ್ಕ ಹಾಕ್ರಿ, ಮಂದಿ ಅದನ್ನಽ ಓದತಾರ. ಲಾರಿದು ಮೂಲ್ಯಾಗ ಕೂಡಸ್ತೇನಿ.”

ಜಾಗ ಸಾಲದಿದ್ದರೆ ಸುದ್ದಿಯ ಬಾಲ ಕತ್ತರಿಸುವ ಅಧಿಕಾರ ಅಲ್ಲಿ ಜೋಡಿಸುವವನಿಗೇ ಇತ್ತು. ಮುಖ್ಯವಾದದ್ದೆಲ್ಲ ಮೊದಲೇ ಇರುತ್ತದೆಂಬ ನಂಬಿಕೆ. ಹಾಳೆಯನ್ನು ಪೂರ್ತಿ ಓದುವ ರೂಢಿಯೂ ಇರಲಿಲ್ಲ. ಜೋಡಿಸುವ ಸಾಲಿನ ಮೇಲಷ್ಟೇ ಕಣ್ಣು. ಬಂದೇನವಾಜ ನಾಲ್ಕು ಸಾಲು ಜೋಡಿಸಿದ. ಕೊನೆಯ ಎರಡನ್ನು ಬಿಟ್ಟು ಹಾಳೆಯನ್ನು ಗೋಡೆಯ ಕೊಂಡಿಗೆ ಚುಚ್ಚಿದ.

ಶುಕ್ರವಾರ ತಿಕೋಟಾದಿಂದ ಮಶಾಕಸಾಬ ಪ್ರೆಸ್ಸಿಗೆ ಬಂದ. ಬಂದೇನವಾಜನ ಅಕ್ಕ ಸಬೀರಾಳ ಗಂಡ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಸಬೀರಾ.

“ಅಕ್ಕನ್ನ ಕಳಿಸಪಾ. ತಮ್ಮನ ಮನ್ಯಾಗ ಇನ್ನೆಷ್ಟ ದಿನ ಇರತಾಳಂತ?”

“ಅಕ್ಕ ಬಂದಿಲ್ಲಲ್ಲ, ಮಾವಾ.”

“ಏನಂತೀ? ಸೋಮಾರ ಮುಂಜಾನೆ ಹೊಂಟಾಳ. ಬಸ್ಸು ಇಲ್ಲಂದ್ರ ನಡಕೋತ ಹೊಕ್ಕೇನಿ, ಹಾದ್ಯಾಗ ಗಾಡಿ ಸಿಗತಾವ ಅಂದಿದ್ಲು.”

ಸೋಮವಾರ ಎಂದದ್ದೇ ಬಂದೇನವಾಜನ ಕೈ ಕೊಂಡಿಗೆ ಹೋಯಿತು. ಹಾಳೆ ಇನ್ನೂ ಅಲ್ಲೇ ಇತ್ತು. ತಾನು ಬಿಟ್ಟ ಸಾಲುಗಳನ್ನು ಆಗ ಓದಿದ: ‘ಮೃತಳ ಎಡಗೈಯಲ್ಲಿ ಕಿರುಬೆರಳಿಲ್ಲ. ಬಳಿಯಲ್ಲಿ ಶೇಂಗಾ ಹಿಂಡಿಯ ಡಬ್ಬಿ ಸಿಕ್ಕಿದೆ.’

ಆ ಬೆರಳಿಲ್ಲದ ಕೈ ಅವನಿಗೆ ಗೊತ್ತು. ಆ ಶೇಂಗಾ ಚಟ್ನಿಪುಡಿ ಅವನಿಗಾಗಿಯೇ ಕುಟ್ಟಿದ್ದು.

ಆಸ್ಪತ್ರೆಯಲ್ಲಿ ಶವವನ್ನು ಮೂರು ದಿನ ಇಟ್ಟಿದ್ದರಂತೆ. ಯಾರೂ ಕೇಳಿ ಬರಲಿಲ್ಲವೆಂದು ಗುರುವಾರ ಊರಾಚೆ ಹೂತಿದ್ದರು. ಅಲ್ಲಿ ಹೊಸ ಗುಡ್ಡೆಗಳು ನಾಲ್ಕಿದ್ದವು. ಯಾವುದು ಯಾರದೆಂದು ಕಾವಲುಗಾರನಿಗೂ ತಿಳಿಯದು. ಸಾವಿನ ನಮಾಜೂ ಇಲ್ಲದೆ ಮಣ್ಣಾಗಿದ್ದಳು ಅಕ್ಕ. ಬಂದೇನವಾಜ ನಾಲ್ಕೂ ಗುಡ್ಡೆಗಳ ಮುಂದೆ ಒಂದೊಂದು ಸಲ ಕೂತು ಅತ್ತ.

ಶಿವಾನಂದ ದೊಡ್ಡದಾಗಿ ಶೋಕವಾರ್ತೆ ಹಾಕುತ್ತೇನೆಂದ. ಬಂದೇನವಾಜ ಬೇಡವೆಂದು, ಬಿಟ್ಟಿದ್ದ ಆ ಎರಡು ಸಾಲುಗಳನ್ನೇ ಸಬೀರಾಳ ಹೆಸರಿನ ಕೆಳಗೆ ಜೋಡಿಸಿದ. ಮರುದಿನ ಮಶಾಕಸಾಬ ಪತ್ರಿಕೆ ಹಿಡಿದು ಪ್ರೆಸ್ಸಿನ ಬಾಗಿಲಿಗೇ ಬಂದ. ಅವನಿಗೆ ಓದಲು ಬಾರದು.

“ಚಾದಂಗಡ್ಯಾಗ ಓದಿಸಿ ಕೇಳಿದ್ನೋ. ಅವತ್ತೂ ಕೇಳಿದ್ದೆ. ಯಾರೋ ಹೆಂಗಸು ಸತ್ತಾಳಂದ್ರು. ಪಾಪ ಅಂದು ಚಾ ಕುಡದೆ. ಬೆರಳಿನ ಮಾತು ಅವತ್ತಽ ಹಾಕಿದ್ರ ಓಡಿ ಬರತಿದ್ನಲ್ಲೋ. ಯಾಕ ಹಾಕಲಿಲ್ಲ?”

ತಪ್ಪನ್ನು ಸಂಪಾದಕರ ಮೇಲೆ ಹಾಕಬಹುದಿತ್ತು. ಬಂದೇನವಾಜನಿಗೆ ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ.

“ನಾನಽ ಬಿಟ್ಟೆ, ಮಾವಾ. ಜಾಗ ಇರಲಿಲ್ಲ.”

“ಆ ಜಾಗದಾಗ ಏನ ಹಾಕಿದ್ದಿ?”

“ಆಟ.”

ಮಶಾಕಸಾಬ ಪತ್ರಿಕೆಯನ್ನು ಮಡಚಿ ಅಂಗಿಯೊಳಗಿಟ್ಟುಕೊಂಡು ತಿಕೋಟಾ ಬಸ್ಸಿನ ಕಡೆ ನಡೆದ. ಮುಂದೆ ಯಾವ ಹಬ್ಬಕ್ಕೂ ಅವನು ಬಂದೇನವಾಜನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಒಳಗೆ ಶಿವಾನಂದ ಹೊಸ ಹಾಳೆ ಹಿಡಿದಿದ್ದ. ಶೀರ್ಷಿಕೆಯಲ್ಲಿ ಅದೇ ಪದ. ಬಂದೇನವಾಜ ಕಿಟಕಿಯಲ್ಲಿದ್ದ ಕಟ್ಟಿನ ದಾರ ಬಿಚ್ಚಿ, ಅಕ್ಷರಗಳನ್ನು ಅವುಗಳ ಖಾನೆಗೆ ಹಾಕಿ, ಕೈ ಚಾಚಿದ.

“ಕೊಡ್ರಿ. ಮೊದಲ ಪೂರಾ ಓದತೇನಿ.”